ಯಜಮಾನರ ಟೈರು

“ಗಾಡಿ ಓಡಿಸೋದು ಯಾರು ಮೇಡಂ?”

ಟೈರಿನಂಗಡಿಯವನು ಕೇಳಿದ ಮೊದಲ ಮಾತೇ ಅದು. ಕಲ್ಯಾಣಿ ಒಂದು ಗಳಿಗೆ ತಡವರಿಸಿದಳು. ಆಮೇಲೆ ಏಳು ತಿಂಗಳಿಂದ ಬಾಯಿಗೆ ರೂಢಿಯಾಗಿಹೋಗಿದ್ದ ಸುಳ್ಳನ್ನೇ ಹೇಳಿದಳು.

“ನಮ್ಮ ಯಜಮಾನ್ರು. ಅವ್ರಿಗೆ ಬಿಡುವಿಲ್ಲ, ಅದಕ್ಕೆ ಇವತ್ತು ನಾನು ತಂದೆ.”

ಯಜಮಾನರು ಎಂಬವರು ಹನ್ನೊಂದು ವರ್ಷದ ಹಿಂದೆಯೇ ಅವಳ ಬದುಕಿನಿಂದ ಎದ್ದು ಹೋಗಿದ್ದರು. ಹೋಗುವವರೆಗೂ ಕಾರಿನ ಕೀಲಿ ಅವರ ಜೇಬಿನಲ್ಲೇ ಇತ್ತು. “ನೀನು ಬ್ರೇಕ್ ಬೇಗ ಹಾಕ್ತೀಯ, ಆ ಕಡೆ ಕೂತ್ಕೋ” ಅನ್ನುತ್ತಿದ್ದರು. ಅವಳು ಆ ಕಡೆ ಕೂತಳು, ಆರು ವರ್ಷ. ಈಗ ನಲವತ್ತಾರರಲ್ಲಿ ಅವಳು ತನಗಾಗಿ ಕೊಂಡದ್ದು ಕಡುಹಸಿರು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಒಂದು ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡ್. ಆದರೂ ಕಾಲು ತಾಗಿಸಿದರೆ ಗುರ್ರೆನ್ನುವ ಎಂಜಿನ್ನು.

ಕೊಂಡದ್ದೇನೋ ಸುಲಭವಾಯಿತು. ನನ್ನದು ಎಂದು ಹೇಳುವುದೇ ಕಷ್ಟವಾಯಿತು. ಮಾರುವವನು “ಟೆಸ್ಟ್ ಡ್ರೈವ್‌ಗೆ ಸಾರ್ ಯಾವಾಗ ಬರ್ತಾರೆ?” ಎಂದ. ಗಿರಿನಗರದ ಅವಳ ಅಪಾರ್ಟ್‌ಮೆಂಟಿನ ವಾಚ್‌ಮನ್ “ಸಾರ್ ಗಾಡಿ ಸಖತ್ತಾಗಿದೆ ಮೇಡಂ” ಎಂದ. ಯಾವ ಸಾರ್ ಎಂದು ಅವಳೂ ಕೇಳಲಿಲ್ಲ. ತಿದ್ದಿದರೆ ಮತ್ತೆ ನಾಲ್ಕು ಪ್ರಶ್ನೆ ಬರುತ್ತಿತ್ತು. ಹೂಂ ಅಂದುಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಈ ಮನುಷ್ಯ ಮಾತ್ರ ಸಾರ್ ಎನ್ನದೆ, ಓಡಿಸೋದು ಯಾರು ಎಂದು ಕೇಳಿದ್ದ. ಅದು ಅವಳಿಗೆ ಹೊಳೆಯುವಷ್ಟರಲ್ಲಿ ಸುಳ್ಳು ಹೊರಬಿದ್ದಾಗಿತ್ತು.

ಅವನ ಹೆಸರು ಸಿದ್ದರಾಜು. ಜೆ.ಪಿ. ನಗರದಲ್ಲಿ, ಪುಟ್ಟೇನಹಳ್ಳಿ ಕೆರೆಯ ಕಡೆ ತಿರುಗುವ ರಸ್ತೆಯಲ್ಲಿ ಅವನ ಅಂಗಡಿ. ಐವತ್ತರ ಹತ್ತಿರದ ವಯಸ್ಸು, ಮಡಿಸಿದ ತೋಳಿನ ಶರ್ಟು, ಎಷ್ಟು ತೊಳೆದರೂ ಉಗುರಿನ ಅಂಚಿಗೆ ಉಳಿದ ಕಪ್ಪು. ಅವನು ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ರಬ್ಬರಿನ ಮೇಲೆ ಅಂಗೈ ಆಡಿಸಿದ. ಜ್ವರ ನೋಡುವವರ ಹಾಗೆ, ಎಂದುಕೊಂಡಳು ಕಲ್ಯಾಣಿ. ಅವಳು ಜಯನಗರದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞೆ. ಮಲಗಿದವರ ತಲೆಯ ಬಳಿ ಕೂತು ಉಸಿರು ಕಾಯುವುದು ಅವಳ ಕೆಲಸ. ಕೈ ಇಡುವ ರೀತಿಯಲ್ಲೇ ಅವಳಿಗೆ ಜನ ಗೊತ್ತಾಗುತ್ತಿದ್ದರು.

“ಏನ್ ತೊಂದ್ರೆ ಕೊಡ್ತಿದೆ?”

“ಹೋದ ವಾರ ಮಳೇಲಿ ಹಿಂದುಗಡೆ ಜಾರ್ತು. ಕೆರೆ ತಿರುವಿನಲ್ಲಿ.”

“ಸಾರ್ ಓಡಿಸ್ತಿದ್ರಾ?”

“ಹೂಂ.”

ಅವನು ಟೈರಿನ ಪಕ್ಕೆಯನ್ನು ಬಟ್ಟೆಯಿಂದ ಒರೆಸಿ ನಾಲ್ಕು ಅಂಕಿಗಳನ್ನು ತೋರಿಸಿದ. “ಮೊದಲೆರಡು ಅಂಕಿ ತಯಾರಾದ ವಾರ, ಆಮೇಲಿನ ಎರಡು ಅಂಕಿ ಇಸವಿ. ತಯಾರಾಗಿ ಒಂಬತ್ತು ವರ್ಷ ಆಯ್ತು. ಮೇಲೆ ನೋಡಕ್ಕೆ ಹೊಸದರ ಹಾಗೇ ಇದೆ, ಜಾಸ್ತಿ ಓಡಿಲ್ಲ. ಆದ್ರೆ ನಿಂತೂ ನಿಂತೂ ರಬ್ಬರ್ ಗಟ್ಟಿಯಾಗ್ಬಿಟ್ಟಿದೆ. ಉಗುರು ಒತ್ತಿ ನೋಡಿ.”

ಒತ್ತಿದಳು. ಕಲ್ಲು.

“ಈಗ ಇದನ್ನ ಒತ್ತಿ.” ಗೋಡೆಗೆ ಒರಗಿಸಿದ್ದ ಹೊಸ ಟೈರೊಂದನ್ನು ಉರುಳಿಸಿ ತಂದ. ಅವಳ ಉಗುರು ಕೂದಲೆಳೆಯಷ್ಟು ಒಳಗಿಳಿಯಿತು. ರಬ್ಬರು ನಿಧಾನವಾಗಿ ಮತ್ತೆ ಉಬ್ಬಿ ಬಂತು. ಅವಳಿಗೆ ಯಾಕೋ ಬೆರಳು ತೆಗೆಯಲು ಮನಸ್ಸಾಗಲಿಲ್ಲ.

“ಇನ್ನೊಂದು ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು. ಟೈರಿನ ಅಂಚು ಸವೆದೇ ಇಲ್ಲ. ಅಂದ್ರೆ ತಿರುವಿನಲ್ಲಿ ಗಾಡೀನ ಪೂರ್ತಿ ನಂಬಿಲ್ಲ. ಸಾರ್ ಸ್ವಲ್ಪ ಭಯಸ್ಥರು ಅನ್ಸುತ್ತೆ.”

“ಭಯ ಅಲ್ಲ, ಜಾಗ್ರತೆ!” ಅವಳ ದನಿ ಬೇಕಾದ್ದಕ್ಕಿಂತ ಏರಿತು. “ಈ ಊರಿನ ರೋಡಲ್ಲಿ ಇನ್ನೇನು ಹಾರ್ಕೊಂಡು ಹೋಗ್ಬೇಕಾ?”

ಸಿದ್ದರಾಜು ಅವಳ ಮುಖವನ್ನೊಮ್ಮೆ ನೋಡಿ ಕಣ್ಣು ತಗ್ಗಿಸಿದ. ತುಟಿಯ ತುದಿಯಲ್ಲಿ ಏನೋ ಬಂದು ಹೋಯಿತು.

ಅಂಗಡಿಯ ಚಾವಣಿಯ ನೆರಳಿನಲ್ಲೇ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅವನ ಅಕ್ಕ ಮುನಿಯಕ್ಕ, ಮಲ್ಲಿಗೆ ಕಟ್ಟುತ್ತಲೇ ದನಿಗೂಡಿಸಿದಳು. “ಅಲ್ಲಮ್ಮಾ, ಇಂಥ ಗಾಡಿ ಮಡ್ಗವ್ರೆ, ಟೈರ್ ಹಾಕ್ಸಕ್ಕೆ ಹೆಂಡ್ತೀನ ಕಳಿಸ್ತವ್ರೆ. ಒಂದ್ಸಲ ಕರ್ಕೊಂಬಾ, ನಾನ್ ಬುದ್ಧಿ ಹೇಳ್ತೀನಿ.”

“ಅಕ್ಕ, ಸುಮ್ನಿರು.”

“ನೀನು ಸುಮ್ನಿದ್ದು ಸುಮ್ನಿದ್ದೇ ಹಿಂಗಾಗಿರೋದು” ಎಂದಳು ಮುನಿಯಕ್ಕ.

*

ಟೈರು ಆರಿಸುವುದು ಇಷ್ಟು ದಿನ ಹಿಡಿಯುವ ಕೆಲಸವೆಂದು ಕಲ್ಯಾಣಿಗೆ ಗೊತ್ತಿರಲಿಲ್ಲ. ಈ ಕಾರಿಗೆ ಮುಂದಿನವು ಒಂದಳತೆ, ಹಿಂದಿನವು ಇನ್ನೂ ಅಗಲ. ನಾಲ್ಕನ್ನೂ ಹೊರಗಿನಿಂದ ತರಿಸಬೇಕು, ತರಿಸಿದ ಮೇಲೆ ವಾಪಸು ಕೊಡುವಂತಿಲ್ಲ. ಇದ್ದ ಜಾತಿ ಎರಡು. ಒಂದು ರೇಸಿನವರು ಇಷ್ಟಪಡುವಂಥದ್ದು, ಒಣ ರಸ್ತೆಯಲ್ಲಿ ಜಿಗುಟಾಗಿ ಹಿಡಿಯುತ್ತದೆ, ಮಳೆ ಬಂದರೆ ಕೈಕೊಡುತ್ತದೆ. ಇನ್ನೊಂದಕ್ಕೆ ಅಷ್ಟು ಬಿಗಿಯಿಲ್ಲ, ಆದರೆ ಆಳವಾದ ಗೆರೆಗಳು ನೀರನ್ನು ಸೀಳಿ ಪಕ್ಕಕ್ಕೆ ಸರಿಸುತ್ತವೆ.

“ಸಾರ್‌ನ ಕೇಳ್ಕೊಂಡು ಬನ್ನಿ” ಎಂದ ಸಿದ್ದರಾಜು.

ಮುಂದಿನ ಶನಿವಾರ ಅವಳು ಕೇಳಿಕೊಂಡು ಬಂದಳು. “ಅವ್ರು ರೇಸಿಂದೇ ಬೇಕು ಅಂದ್ರು.”

“ಯಾಕಂತೆ?”

ಯಾಕೆಂದು ಅವರು ಹೇಳಿರಲಿಲ್ಲ. ಅವರೇ ಇರಲಿಲ್ಲವಲ್ಲ. “ಸುಮ್ನೆ. ಗಾಡಿಗೆ ತಕ್ಕ ಹಾಗಿರ್ಲಿ ಅಂತ.”

“ಗಾಡಿಗೆ ತಕ್ಕದ್ದು ಬೇರೆ, ಓಡಿಸೋರಿಗೆ ತಕ್ಕದ್ದು ಬೇರೆ ಮೇಡಂ. ಬೆಂಗಳೂರಲ್ಲಿ ಮಳೆ ಯಾವಾಗ ಬರುತ್ತೆ ಅಂತ ಯಾರಿಗೆ ಗೊತ್ತು? ಹೋಗಿ ಹೇಳಿ, ಸಿದ್ದರಾಜು ಒಪ್ಪಲ್ಲ ಅಂತ.”

“ಅವ್ರಿಗೆ ಹಟ ಜಾಸ್ತಿ.”

“ಹಟ ಮಾಡೋರನ್ನ ಕಂಡ್ರೆ ನಂಗೂ ಇಷ್ಟ” ಎಂದವನು, ಹೇಳಿದ್ದು ಹೆಚ್ಚಾಯಿತೇನೋ ಎಂಬಂತೆ ಗಾಳಿಯ ಪೈಪನ್ನು ಸುತ್ತತೊಡಗಿದ.

ಹೀಗೆ ಇಲ್ಲದ ಗಂಡನ ಮಾತನ್ನು ಹೊತ್ತು ಅವಳು ಮೂರು ಶನಿವಾರ ಅಲ್ಲಿಗೆ ಹೋದಳು. ಗಂಡನಿಗೆ ಶಬ್ದ ಮಾಡುವ ಟೈರು ಆಗುವುದಿಲ್ಲ ಎಂದಳು. ಹೊಂಡ ಕಂಡರೆ ಗಂಡನ ಜೀವ ಬಾಯಿಗೆ ಬರುತ್ತದೆ ಎಂದಳು. ಎಲ್ಲ ಅವಳವೇ ಮಾತು. ಸಿದ್ದರಾಜು ಪ್ರತಿಯೊಂದನ್ನೂ ತಲೆದೂಗಿ ಕೇಳುತ್ತಿದ್ದ. ಮುರಿದ ಸ್ಟೂಲೊಂದನ್ನು ಮೊಳೆ ಹೊಡೆದು ಸರಿಮಾಡಿಸಿ, ಅವಳು ಕೂರುವ ಜಾಗದಲ್ಲಿ ಇಟ್ಟಿದ್ದ. ಚಹಾ ಬಂದರೆ ಮೊದಲ ಲೋಟ ಅವಳಿಗೆ. ಆಸ್ಪತ್ರೆಯ ಕೆಲಸದ ಬಗ್ಗೆ ಮಾತ್ರ ಅವಳು ನಿಜವನ್ನೇ ಹೇಳಿದ್ದಳು. ಹೆಂಡತಿ ತೀರಿಕೊಂಡು ಎಂಟು ವರ್ಷವಾಯಿತೆಂದೂ, ಮಗಳು ಸಿರಿ ಮೈಸೂರಿನಲ್ಲಿ ಓದುತ್ತಿದ್ದಾಳೆಂದೂ ಒಮ್ಮೆ ಹೇಳಿದ. ಹೇಳುವಾಗ ಕನಿಕರ ಬೇಡಲಿಲ್ಲ.

ತನ್ನ ಮಾತನ್ನು ಇಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ ಎಂದು ಅವಳಿಗೆ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅನ್ನಿಸುತ್ತಿತ್ತು. ಮರುಕ್ಷಣವೇ ನೆನಪಾಗುತ್ತಿತ್ತು: ಅವನು ಕೇಳುತ್ತಿರುವುದು ತನ್ನ ಮಾತನ್ನಲ್ಲ, ಯಜಮಾನರದ್ದನ್ನು. ಜನರನ್ನು ದೂರವಿಡಲು ಕಟ್ಟಿಕೊಂಡ ಬೇಲಿಯೊಳಗೆ ಅವಳೇ ಸಿಕ್ಕಿಕೊಂಡಿದ್ದಳು. ಈಗ ಗಂಡ ಇಲ್ಲ ಎಂದರೆ ಅವನು ಏನು ತಿಳಿದಾನು? ಸುಳ್ಳುಗಾತಿ ಎಂದೇ? ಇಲ್ಲ, ಇವಳೇ ಮೇಲೆ ಬೀಳುತ್ತಿದ್ದಾಳೆ ಎಂದೇ? ಹೇಳದಿದ್ದರೆ, ನಾಲ್ಕು ಟೈರು ಬಿಗಿದಾದ ಮೇಲೆ ಆ ಅಂಗಡಿಗೆ ಹೋಗಲು ಅವಳಿಗೆ ನೆಪವೇ ಉಳಿಯುವುದಿಲ್ಲ.

ಮೂರನೆಯ ಶನಿವಾರ ಸಿದ್ದರಾಜು ಆರ್ಡರ್ ಪುಸ್ತಕ ತೆರೆದು, ಬರೆಯದೆ ಮುಚ್ಚಿದ.

“ಮೇಡಂ, ನಮ್ಮಲ್ಲೊಂದು ಪದ್ಧತಿ. ಇಂಥ ಗಾಡಿಗಳಿಗೆ, ಓಡಿಸೋರ ಪಕ್ಕದಲ್ಲಿ ಒಂದು ರೌಂಡ್ ಕೂತು ನೋಡದೆ ನಾನು ಟೈರ್ ತರ್ಸಲ್ಲ. ನಾಳೆ ಭಾನುವಾರ. ಬೆಳಿಗ್ಗೆ ಆರೂವರೆಗೆ ಸಾರ್‌ನ ಬರಕ್ಕೆ ಹೇಳಿ. ಅರ್ಧ ಗಂಟೆ ಸಾಕು.”

ಹೂವಿನ ಬುಟ್ಟಿಯ ಹಿಂದೆ ಮುನಿಯಕ್ಕನ ಕೈ ನಿಂತಿತು. ತಮ್ಮನನ್ನು ವಿಚಿತ್ರವಾಗಿ ನೋಡಿದಳು.

ಕಲ್ಯಾಣಿ ಮನೆಗೆ ಬಂದು ಮೆಸೇಜು ಕಳಿಸಿದಳು. ‘ಯಜಮಾನರು ಕಾರು ಮಾರಬೇಕೆಂದಿದ್ದಾರೆ. ಟೈರು ಬೇಡ. ನಿಮಗೆ ತೊಂದರೆ ಕೊಟ್ಟೆ.’

ಅವನು ಬೇಜಾರು ತೋರಿಸಿಯಾನು, ಇಷ್ಟು ದಿನ ಓಡಾಡಿಸಿದಿರಿ ಎಂದಾನು ಎಂದು ಕಾದಳು. ಐದು ನಿಮಿಷಕ್ಕೆ ಉತ್ತರ ಬಂತು. ‘ಪರವಾಗಿಲ್ಲ ಮೇಡಂ. ತಗೊಳ್ಳೋರಿಗೆ ಟೈರ್ ಹಳೇದು ಅಂತ ಮಾತ್ರ ಹೇಳ್ಬಿಡಿ. ಮಳೇಲಿ ಜಾರುತ್ತೆ. ಅವರ ಮನೇಲೂ ಯಾರೋ ಕಾಯ್ತಿರ್ತಾರೆ.’

ಅವಳು ಬಾಲ್ಕನಿಯಲ್ಲಿ ನಿಂತು ಅದನ್ನು ಮೂರು ಸಲ ಓದಿದಳು. ಮುಖವನ್ನೂ ನೋಡಿರದ ಯಾರದೋ ಜೀವಕ್ಕೆ ಮಿಡಿಯುವವನ ಮುಂದೆ ತಾನು ಅಡಗಿ ಕೂತಿದ್ದು ಅವಳಿಗೆ ನಾಚಿಕೆಯೆನಿಸಿತು.

*

ಭಾನುವಾರ ಆರೂವರೆಗೆ ಅಂಗಡಿಯ ಮುಂದೆ ಹಸಿರು ಕಾರು ನಿಂತಾಗ ಸಿದ್ದರಾಜು ಶಟರ್ ಎತ್ತುತ್ತಿದ್ದ. ಕಾರಿನ ಒಳಗೆ ಬಗ್ಗಿ ನೋಡಿದ. ಎಡಗಡೆಯ ಸೀಟು ಖಾಲಿ.

“ಓಡಿಸೋರು ಬಂದಿದ್ದಾರೆ” ಎಂದಳು ಕಲ್ಯಾಣಿ, ಸ್ಟಿಯರಿಂಗಿನಿಂದ ಕೈ ತೆಗೆಯದೆ. “ಕೂತ್ಕೊಳ್ಳಿ.”

ಅವನು ಶಟರನ್ನು ಮತ್ತೆ ಎಳೆದು, ಕೈ ಒರೆಸಿಕೊಂಡು, ಆ ತಗ್ಗಾದ ಸೀಟಿಗೆ ಕಾಲು ಮಡಿಸಿ ಇಳಿದ. ಕಾರು ಕನಕಪುರ ರಸ್ತೆಗೆ ಬಂತು. ರಸ್ತೆ ಒಣಗಿತ್ತು, ಬಹುತೇಕ ಖಾಲಿಯಾಗಿತ್ತು. ಅವಳಿಗೆ ತನ್ನ ಉಸಿರು ತನಗೇ ಕೇಳುತ್ತಿತ್ತು.

“ಯಜಮಾನ್ರು ಅಂತ ಯಾರೂ ಇಲ್ಲ” ಎಂದಳು ಕೊನೆಗೆ, ರಸ್ತೆಯನ್ನೇ ನೋಡುತ್ತ. “ಇದ್ರು, ಹನ್ನೊಂದು ವರ್ಷದ ಹಿಂದೆ. ಗಾಡಿ ನಂದು. ಭಯಾನೂ ನಂದೇ. ನಿಮ್ಮತ್ರ ಮೊದಲ್ನೇ ದಿನ ಸುಳ್ಳು ಹೇಳ್ದೆ, ಆಮೇಲೆ ವಾಪಸ್ ತಗೊಳ್ಳಕ್ಕಾಗ್ಲಿಲ್ಲ.”

ಹಾಲಿನ ವ್ಯಾನೊಂದು ಎದುರಿನಿಂದ ಬಂದು ಹೋಯಿತು.

“ಓಡಿಸೋರು ನೀವೇ ಅಂತ ಗೊತ್ತಿತ್ತು” ಎಂದ ಸಿದ್ದರಾಜು.

“ಹೆಂಗೆ?”

“ಸಾರ್ ಭಯಸ್ಥರು ಅಂದಿದ್ದಕ್ಕೆ ನಿಮ್ ಮುಖ ಕೆಂಪಾಯ್ತು. ಗಂಡನ್ನ ಅಂದ್ರೆ ಯಾವ ಹೆಂಡ್ತಿಗೂ ಅಷ್ಟು ಕೋಪ ಬರಲ್ಲ.”

ನಗಬಾರದೆಂದುಕೊಂಡಿದ್ದವಳು ನಕ್ಕುಬಿಟ್ಟಳು. ಅವನು ನಗಲಿಲ್ಲ.

“ಆದ್ರೆ ಗಂಡ ಇಲ್ಲ ಅಂತ ಗೊತ್ತಿರ್ಲಿಲ್ಲ. ಕೊರಳಲ್ಲಿ ಏನೂ ಕಾಣ್ಲಿಲ್ಲ. ಆಪರೇಷನ್ ಮಾಡೋರು ತೆಗೆದಿಟ್ಟಿರ್ತಾರೆ ಬಿಡು ಅಂದ್ಳು ಅಕ್ಕ. ನೀವೇ ಬಾಯ್ಬಿಟ್ಟು ಇದ್ದಾರೆ ಅಂದ್ಮೇಲೆ, ನಾನು ನಾಲ್ಕು ಹೆಜ್ಜೆ ದೂರ ಇರೋದು ಧರ್ಮ ಅಲ್ವಾ? ಇದ್ದೆ.” ಅವನು ಕಿಟಕಿಯಾಚೆ ತಿರುಗಿದ. “ನಾನೂ ಒಂದು ಸುಳ್ಳು ಹೇಳಿದ್ದೀನಿ. ಪಕ್ಕದಲ್ಲಿ ಕೂತು ನೋಡೋ ಪದ್ಧತಿ ಅಂತ ಏನೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಯಾರ ಪಕ್ಕಾನೂ ಕೂತಿಲ್ಲ.”

“ಮತ್ತೆ?”

“ಅವ್ರನ್ನ ಒಂದ್ಸಲ ಕಣ್ಣಾರೆ ನೋಡ್ಬೇಕಿತ್ತು. ಒಳ್ಳೇವ್ರಾಗಿದ್ರೆ ಕೈ ಮುಗಿದು ಸುಮ್ನಾಗ್ಬಿಡೋಣ ಅಂತ. ಶನಿವಾರ ಬಂದ್ರೆ ಬೆಳಿಗ್ಗೆಯಿಂದ ರೋಡ್ ನೋಡ್ತಾ ಕೂರ್ತಿದ್ದೆ. ಈ ವಯಸ್ಸಲ್ಲಿ ಅದೆಲ್ಲ ಸರಿಯಿಲ್ಲ ಅನ್ಸ್ತು. ಅವ್ರನ್ನ ನೋಡಿದ್ರೆ ಮನಸ್ಸು ಸರಿಹೋಗುತ್ತೆ ಅಂದ್ಕೊಂಡೆ.”

ಕಲ್ಯಾಣಿ ಗೇರು ಬದಲಿಸಿದಳು. ಒಂದೇ ಸಲಕ್ಕೆ ಅದು ಬೀಳಲಿಲ್ಲ. ಅದನ್ನು ಅವನು ನೋಡಿದ್ದೂ, ನೋಡಿ ದೃಷ್ಟಿ ಸರಿಸಿದ್ದೂ ಅವಳಿಗೆ ತಿಳಿಯಿತು. ಇಷ್ಟು ವರ್ಷ ಪಕ್ಕದ ಸೀಟೆಂದರೆ ಅವಳ ಪಾಲಿಗೆ ತಪ್ಪು ಹುಡುಕುವ ಜಾಗವಾಗಿತ್ತು. ಇವತ್ತು ಆ ಸೀಟಿನಿಂದ ‘ಬ್ರೇಕು’ ಎಂಬ ಒಂದು ಮಾತೂ ಬಂದಿರಲಿಲ್ಲ. ಮುಂದೆ ರಸ್ತೆ ಎಡಕ್ಕೆ ಬಾಗಿತ್ತು. ಅವಳು ಎಂದಿನಂತೆ ಮೊದಲೇ ಬ್ರೇಕು ಒತ್ತಿದಳು. ಅವನು ಸುಮ್ಮನೆ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ.

“ಓಡಿಸೋರನ್ನ ನೋಡಿದ್ರಲ್ಲ” ಎಂದಳು, ತಿರುವು ಕಳೆದ ಮೇಲೆ. “ಸರಿಹೋಯ್ತಾ ಮನಸ್ಸು?”

“ಇಲ್ಲ. ಇನ್ನೂ ಕೆಟ್ಟುಹೋಯ್ತು.”

ಅವಳ ಕಿವಿಯವರೆಗೂ ಬಿಸಿಯೇರಿತು. ಎಷ್ಟೋ ವರ್ಷದಿಂದ ಮುಚ್ಚಿದ್ದ ಕೋಣೆಯೊಂದರ ಕಿಟಕಿಯನ್ನು ಯಾರೋ ಕೇಳಿ, ಒಪ್ಪಿಗೆ ಪಡೆದು, ತೆರೆದಂತಿತ್ತು. ಏನಾದರೂ ಹೇಳಬೇಕು. ಈ ಸಲ ಅವಳದ್ದೇ ಮಾತು, ಅವಳದ್ದೇ ಬಾಯಲ್ಲಿ.

“ನಂಗೆ ಮಳೇಲಿ ಹಿಡಿಯೋದೇ ಬೇಕು” ಎಂದಳು. “ರೇಸಿಂದು ಬೇಡ. ಮತ್ತೆ, ಟೈರ್ ಹಾಕಿಸಿಕೊಂಡ ಮೇಲೂ ಶನಿವಾರ ಬರ್ತೀನಿ. ನೆಪ ಇಲ್ದೇನೇ ಬರ್ತೀನಿ. ನಿಮ್ಮಕ್ಕ ಏನಂತಾರೆ?”

“ಅಕ್ಕನಾ?” ಅವನು ಮೊದಲ ಬಾರಿ ಬಾಯ್ತುಂಬ ನಕ್ಕ. “ನಿನ್ನೆ ಸಂಜೆ ನಿಮ್ ಮೆಸೇಜ್ ಓದಿ ಹೇಳ್ದೆ. ಮೂರು ಮೊಳ ಹೂವು ಬಿಚ್ಚಿ ಮತ್ತೆ ಕಟ್ಟಿದ್ಳು. ಊಟ ಹಾಕ್ಲಿಲ್ಲ ನಂಗೆ, ಅದೇನೋ ನಾನೇ ನಿಮ್ಮನ್ನ ಓಡಿಸ್ಬಿಟ್ಟ ಹಾಗೆ.”

“ಪಾಪ, ಹಸ್ಕೊಂಡಿದ್ದೀರಾ?”

“ಹೂಂ. ಅಗೋ, ಅಲ್ಲಿ ಯು-ಟರ್ನ್ ಬರುತ್ತೆ. ತಿರುಗ್ಸಿ, ಅಂಗಡಿ ಹತ್ರ ಇಡ್ಲಿ ಸಿಗುತ್ತೆ.”

ಕಲ್ಯಾಣಿ ಇಂಡಿಕೇಟರು ಹಾಕಲಿಲ್ಲ. ಡಿವೈಡರಿನ ತೆರಪು ಹತ್ತಿರ ಬಂತು, ಪಕ್ಕಕ್ಕೆ ಬಂತು, ಕನ್ನಡಿಯೊಳಗೆ ಸಣ್ಣದಾಯಿತು.

“ಮೇಡಂ, ಹೋಯ್ತು.”

“ನೋಡ್ದೆ. ಮೇಡಂ ಬೇಡ, ಕಲ್ಯಾಣಿ.”

ಅವನು ಆ ಹೆಸರನ್ನು ಒಳಗೊಳಗೇ ಒಮ್ಮೆ ಹೇಳಿ ನೋಡಿದಂತಿತ್ತು. ತುಟಿ ಅಲುಗಿತು.

“ಮುಂದೆ ಇನ್ನೊಂದು ತಿರುವಿದೆ. ಆದ್ರೆ ಈ ಟೈರಲ್ಲಿ ಅರವತ್ತು ದಾಟ್ಬೇಡಿ... ಕಲ್ಯಾಣಿಯವ್ರೇ.”

“ದಾಟಲ್ಲ” ಎಂದಳು ಅವಳು. “ಅವಸರ ಯಾರಿಗಿದೆ?”