ಖಾಲಿ ಬಿಡಬಾರದ ಹಾಸಿಗೆ

1955ರ ಮಾರ್ಚ್ 14, ಸೋಮವಾರ ಬೆಳಿಗ್ಗೆ ಸೊಲ್ಲಾಪುರದ ಠಾಣೆಗೆ ಕ್ಷಯದ ಆಸ್ಪತ್ರೆಯ ಡಾಕ್ಟರರೇ ದೂರು ತಂದರು.

"ತಿಂಗಳ ರಜಾ ಮುಗಿಸಿ ಬಂದು ನೋಡಿದ್ರ, ಸಾಯೂ ರೋಗಿ ಮೈ ತುಂಬಿಕೊಂಡಾನ್ರಿ. ಮುಖ ಅವಂದ ಅದ. ಆದ್ರ ಮೂರೂ ಹೊತ್ತು ರೊಟ್ಟಿ ಕೇಳ್ತಾನ!"

ಠಾಣೆಯ ಅಧಿಕಾರಿ ಫೌಜದಾರ ಶಾಂತಲಿಂಗಪ್ಪನಿಗೆ ನಗು ಬಂತು. ಡಾಕ್ಟರರಿಗೆ ಬರಲಿಲ್ಲ. ರೋಗಿ ಸಾತಪ್ಪ ಬಟ್ಟೆ ಗಿರಣಿಯ ನೇಕಾರ. ಅವನ ಎರಡೂ ಶ್ವಾಸಕೋಶ ಹಾಳಾಗಿದ್ದವು. ಇಂಥವರಿಗೆ ಗಿರಣಿಯ ಸಹಾಯ ನಿಧಿ ಕೊನೆಯುಸಿರಿನವರೆಗೆ ಅರ್ಧ ಪಗಾರ ಕೊಡುತ್ತಿತ್ತು. ಷರತ್ತು ಒಂದೇ: ರೋಗಿ ಆಸ್ಪತ್ರೆಯ ಹಾಸಿಗೆ ಬಿಡಬಾರದು. ಮನೆಗೆ ಹೋದರೆ ಅಂದೇ ಪಗಾರ ಬಂದ್. ನಿಯಮ ಮಾಡಿದ ಪುಣ್ಯಾತ್ಮರು ಯಾವತ್ತೂ ಕಾಯಿಲೆ ಬಿದ್ದಿರಲಿಕ್ಕಿಲ್ಲ. ವಂಚನೆಯೆಂದು ಎಫ್‌ಐಆರ್ ದಾಖಲಾಯಿತು.

ವಾರ್ಡಿನಲ್ಲಿ ಸಾತಪ್ಪನ ಹಾಸಿಗೆಯ ಮೇಲೆ ಗಡ್ಡ ಬಿಟ್ಟವನೊಬ್ಬ ಕಂಬಳಿ ಹೊದ್ದು ಮಲಗಿದ್ದ. ಶಾಂತಲಿಂಗಪ್ಪ ಎರಡು ಬೆರಳು ತುಟಿಗಿಟ್ಟು ಅಂಗೈ ಮಗುಚಿ ತೋರಿಸಿದ. ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದು. ನೇಕಾರರು ಕೈಯಲ್ಲೇ ಮಾತಾಡುತ್ತಾರೆ. ನೇಕಾರನ ಮಗನಾದ ಫೌಜದಾರನಿಗೆ ಆ ಭಾಷೆ ಚೆನ್ನಾಗಿ ಗೊತ್ತು. ಮಲಗಿದವನು ಪಿಳಿಪಿಳಿ ನೋಡಿದ.

"ಎಷ್ಟು ವರ್ಷ ಮಗ್ಗ ನಡಿಸೀಯಪ್ಪ?"

"ಹನ್ನೆರಡು ವರ್ಷರಿ."

"ಹಂಗಾರ ನಾ ಈಗ ಕೈಲೆ ಏನಂದೆ?"

ಮಲಗಿದವನು ಕಂಬಳಿಯನ್ನು ಮುಖದ ಮೇಲೆಳೆದುಕೊಂಡ. ಪೇದೆ ಅಮೋಗಸಿದ್ಧನನ್ನು ಅವನ ಕಾವಲಿಗೆ ಬಿಟ್ಟು ಫೌಜದಾರ ಸಾತಪ್ಪನ ಊರಾದ ಅಕ್ಕಲಕೋಟದ ಬಸ್ಸು ಹತ್ತಿದ.

ಸಾತಪ್ಪನ ಹೆಂಡತಿ ರಖಮಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ನಿನ್ನ ಗಂಡ ಎಲ್ಲದಾನವಾ?"

"ದವಾಖಾನ್ಯಾಗರಿ."

ಒಳಗಿಂದ ಕೆಮ್ಮು ಕೇಳಿಸಿತು. ಅವಳು ದಾರಿ ಬಿಟ್ಟಳು. ಹೊರಸಿನ ಮೇಲೆ ಸಾತಪ್ಪ ಎಲುಬಿನ ಗೂಡಾಗಿ ಮಲಗಿದ್ದ. ಮಗಳು ಗಂಜಿ ಕುಡಿಸುತ್ತಿದ್ದಳು. ಫೌಜದಾರ ಸಾಕ್ಷಿಗೆ ಪಂಚರನ್ನು ಕರೆಸಿ ಪಂಚನಾಮೆ ಮಾಡಿಸಿದ.

"ಅಲ್ಲಿ ಮಲಗಿದಾಂವ ಯಾರು?"

"ನಮ್ಮ ಮೈದುನ ಬಂಡೆಪ್ಪರಿ. ಇವರು ಮನ್ಯಾಗ ಜೀವ ಬಿಡ್ತೀನಂತ ಅತ್ತರು. ಕರ್ಕೊಂಡ ಬಂದ್ರ ಒಲಿ ಹತ್ತೂದಿಲ್ಲ. ಅದಕ್ಕ ಮೈದುನ, ಅಣ್ಣನ ಬದಲಿ ನಾ ಹೋಗಿ ಮಲಗ್ತೀನಿ ವೈನಿ, ಅಂದ."

ಸಂಜೆ ಆರಕ್ಕೆ ಫೌಜದಾರ ಮತ್ತೆ ವಾರ್ಡಿಗೆ ಬಂದ.

"ಬಂಡೆಪ್ಪ, ಈ ರೋಗ ಹತ್ತತದಂತ ನಿನಗ ಗೊತ್ತಿರಲಿಲ್ಲೇನ?"

"ಗೊತ್ತಿತ್ರಿ. ದಿನಾ ಅಂಜಿಕಿ ಬರ್ತಿತ್ತು." ಬಂಡೆಪ್ಪ ಎದ್ದು ಕೂತ. "ಸಾಹೇಬ್ರ, ಅಣ್ಣಂದು ಇನ್ನ ನಾಕ ದಿನದ ಮಾತು. ಅಲ್ಲೀತನ ನನ್ನ ಇಲ್ಲೇ ಬಿಡ್ರಿ. ಆಮ್ಯಾಲೆ ಬೇಡಿ ಹಾಕ್ರಿ."

ಶಾಂತಲಿಂಗಪ್ಪ ಬೇಡಿ ಹಾಕಿದ. ಆರೋಪಿ ಇದರಲ್ಲಿ ತನಗಾಗಿ ಒಂದು ಕಾಸೂ ಮುಟ್ಟಿಲ್ಲ, ಅಣ್ಣ ಮನೆಯಲ್ಲಿ ಸಾಯಲೆಂದೇ ಇಲ್ಲಿ ಮಲಗಿದ್ದ ಎಂದು ವರದಿಯಲ್ಲಿ ಬರೆದ.

ನಿಯಮದಂತೆ ಸಾತಪ್ಪನ ಪಗಾರ ಅಂದೇ ನಿಂತಿತು. ಸಾತಪ್ಪ ಇನ್ನೂ ಬದುಕಿದ್ದ.