ತಲೆಕೆಳಗಾದ ಗುರಾಣಿ

"ಆ ಗುರಾಣಿ ಒಂದನ್ನ ಬಿಟ್ಟು ಏನು ಬೇಕಾದ್ರೂ ಮುಟ್ಟಿ ಸ್ವಾಮಿ," ಎಂದಳು ಚರ್ಚಿನ ಬೀಗದ ಕೈ ಕಾಯುವ ಮುದುಕಿ ವಾಲ್ಬುರ್ಗ. "ಅದನ್ನ ತಲೆಕೆಳಗಾಗಿ ನೇತುಹಾಕಿರೋದು ಸುಮ್ನೆ ಅಲ್ಲ."

"ಗೊತ್ತು ಕಣಜ್ಜಿ. ವಂಶದ ಕೊನೆಯವನು ಸತ್ತರೆ ಹಾಗೆ ಹಾಕ್ತಾರೆ. ಆದ್ರೆ ವಂಶ ಎಲ್ಲಿ ಮುಗೀತು? ನಾನಿದ್ದೀನಲ್ಲ!" ಲಾಂಪರ್ಟ್ ನಕ್ಕ.

"ಅದನ್ನ ನಂದು ಅಂದವನಿಗೆ ಮಕ್ಕಳು ದಕ್ಕಲ್ಲ."

"ಮಾಟಗೀಟ ಎಲ್ಲ ನಿನ್ನ ಒಲೆ ಮುಂದೆ ಇಟ್ಕೋ ಹೋಗು."

ನ್ಯೂರೆಂಬರ್ಗಿನ ಹೊಸ ಶ್ರೀಮಂತರಿಗೆ ಹಳೆಯ ವಂಶಾವಳಿ ಹುಡುಕಿಕೊಡುವುದು ಅವನ ಕಸುಬು. ಹದಿನೈದು ವರ್ಷ ಕಂಡಕಂಡವರ ಮುತ್ತಾತಂದಿರಿಗೆ ಸಿಂಹ, ಗರುಡದ ಲಾಂಛನ ಹೊಂದಿಸಿಕೊಟ್ಟು, ಅವರ ಹಿಂಬಾಗಿಲಲ್ಲೇ ನಿಂತು ಬಂದಿದ್ದ. ತನ್ನ ಮಗುವಾದರೂ ಮುಂಬಾಗಿಲಿನಿಂದ ಒಳಗೆ ಹೋಗಬೇಕು, ಅಷ್ಟೇ ಅವನ ಆಸೆ. ಎರಡು ಮಕ್ಕಳನ್ನು ಮಣ್ಣು ಮಾಡಿದ್ದ ಹೆಂಡತಿ ಒಟಿಲಿಯ ಎದುರಿನ ವಸತಿಮನೆಯಲ್ಲಿ ಬೆಳಗಿನಿಂದ ಹೆರಿಗೆ ನೋವು ತಿನ್ನುತ್ತಿದ್ದಳು.

ಚರ್ಚಿನ ಜನನದ ಪುಸ್ತಕದಲ್ಲಿ ಅವನ ಮುತ್ತಜ್ಜಿ ಕುನಿಗುಂಡ ಸಿಕ್ಕಿದ್ದಳು. ಆ ಗುರಾಣಿಯ ಒಡೆಯ ಬ್ಯಾರನ್ನನ ಮನೆಗೆಲಸದವಳು. ಅವಳ ಮಗನ ತಂದೆಯ ಹೆಸರಿರಬೇಕಾದ ಜಾಗ ಖಾಲಿ. ಬ್ಯಾರನ್ ಪಾದ್ರಿಯ ಮುಂದೆ ನಿಂತು "ನನ್ನ ಮಗ ಅಲ್ಲ" ಎಂದಿದ್ದನಂತೆ. ಲಾಂಪರ್ಟ್ ಮಾಸಲು ಬಣ್ಣದ ಶಾಯಿ ಕಲಸಿ ಅಲ್ಲಿ ಬ್ಯಾರನ್ನನ ಹೆಸರು ಬರೆದ. ಊರವರಿಗೆಲ್ಲ ಮಾಡಿಕೊಟ್ಟ ಕೆಲಸವೇ ತಾನೇ. ಏಣಿ ಹತ್ತಿ, ಕರಿ ಟಗರಿನ ಚಿತ್ರದ ಆ ಗುರಾಣಿಯನ್ನು ನೆಟ್ಟಗೆ ತಿರುಗಿಸಿದ. ಹಕ್ಕು ಹೇಳುವವನು ಹಾಗೇ ಮಾಡಬೇಕೆಂಬುದು ಹಳೆಯ ಪದ್ಧತಿ.

"ಇದು ನಂದು. ಮುಂದೆ ನನ್ನ ಮಗಂದು."

ಹಿಂದಿನಿಂದ ಒಂದು ಬಟ್ಟೆಯ ಗಂಟು ಜಾರಿ ಬಿತ್ತು. ತುಕ್ಕು ಹಿಡಿದ ಮೂರು ಮೊಳೆ. ಹಸುಗೂಸಿನ ಕೂದಲು. ಹುಳಿತ ಹಾಲಿನ ವಾಸನೆ ಗಂಟಲಿಗೇ ಅಡರಿತು. ನಡುಹಗಲಲ್ಲೇ ಕಿಟಕಿಗಳು ಕಪ್ಪಿಟ್ಟವು. ಎಲ್ಲೋ ತೊಟ್ಟಿಲು ಕಿರುಗುಟ್ಟಿತು. ಎದುರು ಮನೆಯಿಂದ ಮಗುವಿನ ಅಳು ಕೇಳಿತು. ಅಯ್ಯೋ, ಅದು ನಡುವೆಯೇ ನಿಂತುಹೋಯಿತು!

ಗುರಾಣಿಯನ್ನು ಮತ್ತೆ ತಿರುಗಿಸಲು ಜಗ್ಗಿದ. ಅಲುಗಲಿಲ್ಲ. ಬೆರಳ ಚರ್ಮ ಕಿತ್ತು ರಕ್ತ ಬಂತು. ಅಲುಗಲಿಲ್ಲ. ಏಣಿಯಿಂದ ಧುಮುಕಿ ಓಡಿದ.

ಸೂಲಗಿತ್ತಿಯ ಕೈಯಲ್ಲಿ ಮಗು ನೀಲಿಗಟ್ಟಿತ್ತು. ಬೆನ್ನು ತಟ್ಟಿದಳು. ಉಸಿರು ಮರಳಿತು. "ನನ್ನ ಮಗ!" ಎಂದ ಲಾಂಪರ್ಟ್. ಉಸಿರು ನಿಂತಿತು. ಬಾಯಿ ಮುಚ್ಚಿಕೊಂಡ. ಬಂತು. "ನನ್ನ ಕಂದ," ಎಂದು ಪಿಸುಗುಟ್ಟಿದ. ಮತ್ತೆ ನಿಂತಿತು.

ಹಿಂದೆಯೇ ಬಂದ ವಾಲ್ಬುರ್ಗ ಅವನನ್ನು ಹೊಸಿಲಾಚೆಗೆ ಎಳೆದಳು. "ಕುನಿಗುಂಡ ಬ್ಯಾರನ್ನನ ಮೇಲೆ ಮಾಡಿದ ಮಾಟ ಸ್ವಾಮಿ. ಆ ಗುರಾಣಿಯವನು ಯಾವ ಮಗುವನ್ನೂ ನಂದು ಅನ್ನಬಾರದು. ಅಂದ್ರೆ ಅದು ಉಳಿಯಲ್ಲ."

"ನಾನು ಅವಳ ರಕ್ತವೇ ಅಲ್ವೇನಜ್ಜಿ! ತನ್ನ ಮರಿಮಗನಿಗೇ..."

"ಮಾಟ ರಕ್ತ ನೋಡಲ್ಲ. ಗುರಾಣಿ ಯಾರದು ಅಂತ ಕೇಳ್ತು. ನಂದು ಅಂದವರು ನೀವೇ."

ಮಗು ಉಳಿಯುವುದು ಅನುಮಾನ, ಬೇಗ ಜ್ಞಾನಸ್ನಾನ ಮಾಡಿಸಿ ಹೆಸರು ಬರೆಸಬೇಕೆಂದು ಆಗಲೇ ಪಾದ್ರಿಗೆ ಹೇಳಿಕಳಿಸಿದ್ದರು. ಅವರು ಅದೇ ಪುಸ್ತಕ ಹಿಡಿದು ಬಾಣಂತಿಯ ಮಂಚದ ಬಳಿ ಬಂದರು. ಶಾಯಿಯಲ್ಲಿ ಲೇಖನಿ ಅದ್ದಿ, ಎಲ್ಲ ತಂದೆಯರಿಗೂ ಕೇಳುವ ಮಾತನ್ನೇ ಕೇಳಿದರು: "ಇವನು ನಿನ್ನ ಮಗನೇನಪ್ಪ?"

ಲಾಂಪರ್ಟ್ ಹೊಸಿಲಲ್ಲೇ ಸುಮ್ಮನೆ ನಿಂತ. ಮಗುವಿನ ತುಟಿ ಕಪ್ಪಾಗತೊಡಗಿತು. ಕೇಳಿದ ಮೇಲೆ ಸುಮ್ಮನಿದ್ದರೆ ಆ ಹಾಳು ಮಾಟಕ್ಕೆ ಅದೂ ಒಪ್ಪಿಕೊಂಡಂತೆಯೇ.

"ಹೇಳ್ರೀ," ಒಟಿಲಿಯ ಬೆವೆತ ಮುಖವೆತ್ತಿ ನಕ್ಕಳು. "ನಾಚಿಕೆ ಯಾಕೆ?"

ಹುಳಿತ ಹಾಲಿನ ವಾಸನೆ. ಕಿರುಗುಟ್ಟುವ ತೊಟ್ಟಿಲು. ಮಗುವಿನ ಎದೆ ಏಳಲಿಲ್ಲ. ಏಳಲಿಲ್ಲ.

"ಅಲ್ಲ," ಎಂದ ಲಾಂಪರ್ಟ್. "ನನ್ನ ಮಗ ಅಲ್ಲ."

ಮಗು ಮನೆ ಹಾರಿಹೋಗುವಂತೆ ಅತ್ತಿತು. ಕೆನ್ನೆಗೆ ಕೆಂಪೇರಿತು. ಪಾದ್ರಿ ತಲೆ ತಗ್ಗಿಸಿ, ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚಿದರು. ಒಟಿಲಿಯ ಗಂಡನನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಮಗುವನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

"ಇವರನ್ನ ಆಚೆ ಕಳಿಸಿ," ಎಂದಳು ಸೂಲಗಿತ್ತಿಗೆ.

ಅವನು ಹಿಂಬಾಗಿಲಿನಿಂದ ಹೊರಗೆ ಹೋದ.