ಅರವತ್ತು ಪರ್ಸೆಂಟ್ ತಾತ

ತಾತ ಮಂಚದ ಕೆಳಗೆ ಬಗ್ಗಿ ನೋಡಿದರು. ಅಲ್ಲೂ ವಾಕಿಂಗ್ ಶೂ ಇರಲಿಲ್ಲ.

ಮೊಮ್ಮಗಳು ಜೂಲಿ ಗಣಿತದ ಪುಸ್ತಕದಿಂದ ತಲೆ ಎತ್ತಲಿಲ್ಲ. ಶೂ ಇದ್ದದ್ದು ಕ್ರಿಸ್‌ಮಸ್ ಗೋದಲಿಯ ಬೊಂಬೆಗಳನ್ನಿಡುವ ರಟ್ಟಿನ ಪೆಟ್ಟಿಗೆಯಲ್ಲಿ, ಮಣ್ಣಿನ ಕುರಿಗಳ ಪಕ್ಕ. ಬಚ್ಚಿಟ್ಟವಳು ಅವಳೇ.

ಹೋದ ತಿಂಗಳು ತಾತನಿಗೆ ಎದೆ ನೋವು ಬಂದಿತ್ತು. ಹಾರ್ಟಿನ ರಕ್ತನಾಳದಲ್ಲಿ ಬ್ಲಾಕ್ ಇದೆಯೆಂದು ಡಾಕ್ಟರು ಸ್ಟೆಂಟ್ ಹಾಕಿದ್ದರು. ಈಗ ದಿನಾ ನಡೆಯಲೇಬೇಕು ಎಂದಿದ್ದರು. ಆದರೆ ನಿನ್ನೆ ತಂದ ಹಾರ್ಟ್ ಸ್ಕ್ಯಾನಿನ ಎಕೋ ರಿಪೋರ್ಟನ್ನು ಜೂಲಿ ಓದಿದ್ದಳು. ಅವಳಿಗೆ ಅರ್ಥವಾದದ್ದು ಒಂದೇ: 60%.

"ಬೆಳಗ್ಗೆಯಿಂದ ಹುಡುಕ್ತಾವ್ರೆ. ನೀನೇನಾದ್ರೂ ನೋಡಿದ್ಯೇನೇ?" ಅಮ್ಮ ರೋಸ್‌ಮೇರಿ ಕೇಳಿದಳು.

ಜೂಲಿಯ ಕಣ್ಣು ತುಂಬಿತು. "ನಾನೇ ಬಚ್ಚಿಟ್ಟಿದ್ದು. ತಾತನ ಹಾರ್ಟಲ್ಲಿ ಉಳಿದಿರೋದೇ ಅರವತ್ತು. ನಡೆದ್ರೆ ಅದೂ ಖರ್ಚಾಗೋಗತ್ತೆ."

ತಾತ ನಗಲಿಲ್ಲ. ಯೇಸುವಿನ ಪಟದ ಕೆಳಗಿನ ಸ್ಟ್ಯಾಂಡಿನಿಂದ ತಮ್ಮ ಹಳೇ ಆಟೋದ ರಬ್ಬರ್ ಹಾರನ್ ತಂದು ಅವಳ ಕೈಗಿಟ್ಟರು.

"ಒತ್ತು ಮಗ."

ಪೋಂ!

"ಒಳಗಿದ್ದ ಗಾಳಿಯೆಲ್ಲಾ ಹೋಯ್ತಾ?"

ಹಾರನ್ನಿನ ರಬ್ಬರ್ ಬುರುಡೆ ಅವಳ ಮುಷ್ಟಿಯೊಳಗೆ ಇನ್ನೂ ಮೆತ್ತಗೆ ಉಬ್ಬಿಕೊಂಡಿತ್ತು. "ಇಲ್ಲ. ಇನ್ನೂ ಇದೆ."

"ಈಗ ಬಿಟ್ಬುಡು."

ಅದು ಮತ್ತೆ ದುಂಡಗಾಯಿತು.

"ಹಾರ್ಟೂ ಹಂಗೇ ಕಣೇ," ಎಂದಳು ಅಮ್ಮ. "ಒಂದ್ಸಲ ಒತ್ತಿದ್ರೆ ಯಾರದ್ದೂ ಪೂರ್ತಿ ರಕ್ತ ಆಚೆ ತಳ್ಳಲ್ಲ. ಅರವತ್ತು ಅಂದ್ರೆ ನಾರ್ಮಲ್ ಅಂದ್ರು ಡಾಕ್ಟ್ರು. ನಿಂದೂ ಹೆಚ್ಚುಕಮ್ಮಿ ಅಷ್ಟೇ ಇರತ್ತೆ."

ಜೂಲಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನಂದೂನಾ? ಮತ್ತೆ ಬ್ಲಾಕು?"

ಅದು ಗೊತ್ತಾಗಿದ್ದು ಆಂಜಿಯೋಗ್ರಾಂ ಅನ್ನುವ ಬೇರೆ ಟೆಸ್ಟಿನಲ್ಲಿ ಎಂದು ಅಮ್ಮ ಬಿಡಿಸಿ ಹೇಳಿದಳು. ಹಾರ್ಟ್ ಅನ್ನುವ ಪಂಪು ಚೆನ್ನಾಗಿಯೇ ಇದೆ. ಪಂಪಿಗೇ ರಕ್ತ ತರುವ ಸಣ್ಣ ಪೈಪು ಕಟ್ಟಿಕೊಂಡಿತ್ತು. ಇನ್ನೊಂದು ಕಟ್ಟಿಕೊಳ್ಳಬಾರದು ಅಂತಲೇ ಮಾತ್ರೆ, ವಾಕಿಂಗು.

"ಹಂಗಾದ್ರೆ ನಾನು ಶೂ ಬಚ್ಚಿಟ್ಟಿದ್ದು..." ಜೂಲಿ ದಡಕ್ಕನೆ ಎದ್ದಳು. ಓಡಿಹೋಗಿ ಪೆಟ್ಟಿಗೆ ತೆರೆದಳು. ಶೂಗೆ ಗೋದಲಿಯ ಒಣಹುಲ್ಲು ಮೆತ್ತಿತ್ತು. ಒಂದೊಂದೇ ಎಳೆ ತೆಗೆದು, ಶೂಗಳನ್ನು ತಾತನ ಮುಂದಿಟ್ಟಳು. ತನ್ನ ಚಪ್ಪಲಿಯನ್ನೂ ಮೆಟ್ಟಿಕೊಂಡಳು.

ಅಶೋಕಪುರಂ ಪಾರ್ಕಿನ ದಾರಿಯಲ್ಲಿ ತಾತ ಬಿರಬಿರನೆ ಹೆಜ್ಜೆ ಹಾಕಿದರು. 'ನಿಧಾನ ತಾತ' ಎನ್ನಲು ಜೂಲಿ ಬಾಯಿ ತೆರೆದಳು. ಆದರೆ ತಾತ ಏದುಸಿರಿಲ್ಲದೆ ಆರಾಮಾಗಿ ಮಾತಾಡುತ್ತಲೇ ನಡೆಯುತ್ತಿದ್ದರು.

ಅವಳು ಬಾಯಿ ಮುಚ್ಚಿ, ತಾನೇ ಸ್ವಲ್ಪ ಜೋರಾಗಿ ನಡೆದಳು.